ಒರಸಪ್ಪ ಬಿಟ್ಟ ನೆರಳು

ಸನ್ಮಾನಕ್ಕೆ ಕರೆಯಲು ಕಾರ್ಡಿನ ಸಾಹೇಬರು ಖುದ್ದಾಗಿ ಮೂರನೇ ಮಹಡಿ ಹತ್ತಿ ಬಂದಾಗ ಒರಸಪ್ಪ ಬನಿಯನ್ನಿನಲ್ಲಿ ಕುಳಿತು ಹೆಂಡತಿಯ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದ. ಅಂಗಿಗೆ ಹಾಕುವ ಗುಂಡಿಗಳು. ಬಿಳಿಯಲ್ಲೇ ಹಲವು ಬಿಳಿ: ಹಾಲಿನ ಬಿಳಿ, ಸುಣ್ಣದ ಬಿಳಿ, ಹಲ್ಲಿನ ಬಿಳಿ. ಆ ವ್ಯತ್ಯಾಸ ಅವನ ಹೆಂಡತಿಗೇ ಕಾಣುತ್ತಿರಲಿಲ್ಲ, ಇನ್ನು ಕೊಳ್ಳುವವರಿಗೆ ಅದರ ಗೊಡವೆಯೇ ಇರಲಿಲ್ಲ. ಆದರೂ ಬೇರೆ ಮಾಡುತ್ತಿದ್ದ. ಕೆಲಸ ಬಿಟ್ಟ ಕಣ್ಣು ಸುಮ್ಮನೆ ಕೂರುವುದಿಲ್ಲ.

ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಸಾಹೇಬರು ಏದುಸಿರು ಬಿಡುತ್ತ ಕುಳಿತರು. ನೀರು ಸರಬರಾಜು ಇಲಾಖೆಯಲ್ಲಿದ್ದು ನಿವೃತ್ತರಾದವರು. ಊರಿನ ಚಿತ್ರವಿರುವ ಹಳೆಯ ಅಂಚೆ ಕಾರ್ಡುಗಳನ್ನು ಹುಡುಕಿ ಹುಡುಕಿ ಆಲ್ಬಮ್ಮುಗಳಲ್ಲಿ ತುಂಬಿಟ್ಟವರು. ಕೆಟ್ಟವರಲ್ಲ. ಹಾಗೆ ನೋಡಿದರೆ ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ತೊಂದರೆ ಇರುವುದೂ ಅಲ್ಲೇ.

“ಯಜಮಾನ್ರೇ, ನಿಮ್ಮನ್ನ ಹುಡುಕೋದ್ರಲ್ಲಿ ನನ್ನ ಜೀವ ಹೋಯ್ತು” ಎಂದರು ಸಾಹೇಬರು. “ಕಾರ್ಡಿನ ಹಿಂದೆ ಫೋಟೋ ತೆಗೆದೋರ ಹೆಸರಿದೆ, ಅಚ್ಚು ಹಾಕಿದೋರ ಹೆಸರಿದೆ. ತಿದ್ದಿದ ಕೈ ಯಾರದು ಅಂತ ಎಲ್ಲೂ ಇಲ್ಲ.”

“ಇರಬಾರದು ಸಾರ್. ನಾನು ಅಲ್ಲಿದ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಕೆಟ್ಟಿತು ಅಂತ ಅರ್ಥ.”

ಸಾಹೇಬರು ಆ ಮಾತಿಗೆ ಎಷ್ಟು ಖುಷಿಪಟ್ಟರೆಂದರೆ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಊರಿಗೆ ಊರೇ ಈಚೆಗೆ ಆ ಹಳೆಯ ಕಾರ್ಡುಗಳ ಹುಚ್ಚಿಗೆ ಬಿದ್ದಿತ್ತು. ಹೋಟೆಲಿನ ಗೋಡೆಯ ಮೇಲೆ ಅವೇ, ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಅವೇ, ಸಾಬೂನಿನ ಡಬ್ಬಿಯ ಮೇಲೂ ಅವೇ. ತಂತಿಯಿಲ್ಲದ ಆಕಾಶ, ಗುಡಿಸಿಟ್ಟ ರಸ್ತೆ, ಮಾರುಕಟ್ಟೆಯ ಕಮಾನು, ಕಮಾನಿನ ಮುಂದೆ ತೊಳೆದಿಟ್ಟಂಥ ಖಾಲಿ ಮೆಟ್ಟಿಲು. ನೋಡಿದವರೆಲ್ಲ, “ಆಗ ಎಷ್ಟು ಚೊಕ್ಕವಾಗಿತ್ತು, ಈಗ ನೋಡಿ, ಕಾಲಿಡೋಕೆ ಜಾಗ ಇಲ್ಲ” ಎಂದು ನಿಟ್ಟುಸಿರು ಬಿಡುತ್ತಿದ್ದರು. ನಿಟ್ಟುಸಿರು ಬಿಟ್ಟವರಲ್ಲಿ ಅರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ. ಇನ್ನರ್ಧ ಜನ ಅದೇ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ನಡೆದವರು. ಕಳೆದುಹೋದ ಕಾಲದ ಮೇಲಿನ ಪ್ರೀತಿಗೆ ಬೆವರಿನ ವಾಸನೆ ಆಗಿಬರುವುದಿಲ್ಲ. ಅದಕ್ಕೆ ಕಮಾನು ಬೇಕು, ಕಂಬ ಬೇಕು, ಕಂಬಕ್ಕೆ ಒರಗಿ ಹೊಟ್ಟೆ ಹೊರೆದವರು ಮಾತ್ರ ಬೇಡ. ಹಾಗೆ ಬೇಡವಾದವರನ್ನು ಒಬ್ಬೊಬ್ಬರನ್ನಾಗಿ ತೆಗೆದುಹಾಕಿದ ಕೈ ಈ ಒರಸಪ್ಪನದು. ಕಾರ್ಡು ಅಚ್ಚು ಹಾಕುತ್ತಿದ್ದ ಪ್ರೆಸ್ಸಿನವರು ಇಟ್ಟ ಆ ಅಡ್ಡಹೆಸರು ಅಪ್ಪ ಅಮ್ಮ ಇಟ್ಟ ಹೆಸರನ್ನೇ ಒರೆಸಿಹಾಕಿತ್ತು.

ಪ್ರೆಸ್ಸಿನ ಮಾಳಿಗೆಯಲ್ಲಿ ಅವನಿಗೊಂದು ಇಳಿಜಾರು ಮೇಜು, ಒಂದು ಕಿಟಕಿ, ಬೂದು ಬಣ್ಣ ಕಲಸಿಟ್ಟ ಸಾಲು ತಟ್ಟೆಗಳು. ಫೋಟೋದ ದೊಡ್ಡ ಪ್ರತಿ ಮೇಜಿಗೆ ಬರುತ್ತಿತ್ತು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಅವನು ಕೆಲಸಕ್ಕೆ ಇಳಿಯುತ್ತಿದ್ದ. ಅವನು ಮುಗಿಸಿದ ಮೇಲೆ ಅದರ ಫೋಟೋವನ್ನು ಮತ್ತೆ ತೆಗೆದು ಅಚ್ಚಿಗೆ ಕಳಿಸುತ್ತಿದ್ದರು. ಮಾಲೀಕನ ಕಟ್ಟಪ್ಪಣೆ ಹೀಗಿತ್ತು: ತಂತಿ ಇರಬಾರದು, ಒಣಹಾಕಿದ ಬಟ್ಟೆ ಇರಬಾರದು, ಭಿಕ್ಷೆಯವರು ಇರಬಾರದು, ಬೀದಿಯಲ್ಲಿ ಕುಳಿತು ಮಾರುವವರು ಇರಲೇಬಾರದು. ನಾಯಿ ಮೈ ತುಂಬಿಕೊಂಡಿದ್ದರೆ ಇರಬಹುದು. “ಕಾರ್ಡು ಕೊಳ್ಳೋನು ನಮ್ಮ ಕೊಳೆ ಕೊಳ್ಳೋಕೆ ಬರಲ್ಲಪ್ಪ” ಎನ್ನುತ್ತಿದ್ದ ಮಾಲೀಕ.

ಮನುಷ್ಯನನ್ನು ಒರೆಸುವುದು ಸುಲಭ, ಅವನ ನೆರಳನ್ನು ಒರೆಸುವುದು ಕಷ್ಟ. ನೆರಳು ಬಿದ್ದಲ್ಲೆಲ್ಲ ಕಲ್ಲಿನ ಕಣ, ಮೆಟ್ಟಿಲಿನ ಅಂಚು, ಬಿಸಿಲಿನ ಗೆರೆ, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಬೇರೆಯವರು ಅಲ್ಲೇ ಎಡವುತ್ತಿದ್ದರು. ಒರಸಪ್ಪನದು ಒಂದೇ ಹೆಮ್ಮೆ: “ನಾನು ಒರೆಸಿದವರ ನೆರಳೂ ಸಿಗಲ್ಲ.”

ಮಾರುಕಟ್ಟೆ ಮೆಟ್ಟಿಲಿನ ಎಡತುದಿಯಲ್ಲಿ ಗುಂಡಿ, ಕೊಕ್ಕೆ, ರಿಬ್ಬನ್ನು ಮಾರುತ್ತಿದ್ದ ಹೆಂಗಸನ್ನು ಹೀಗೆ ಒರೆಸಿ, ಮಾರನೇ ವರ್ಷ ಅವಳ ಮಗಳನ್ನೇ ಮದುವೆಯಾದ. ಪ್ರೆಸ್ಸಿನವರಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೆ? “ಅತ್ತೇನ ಅಳಿಸಿಹಾಕಬೇಕು ಅಂತ ಆಸೆಪಡೋ ಅಳಿಯಂದಿರು ಲೋಕದ ತುಂಬ ಇದಾರೆ. ಅದಕ್ಕೆ ಸಂಬಳ ತಗೊಂಡೋನು ನೀನೊಬ್ನೇ ಮಾರಾಯ!” ಆ ಅತ್ತೆಯೋ, ಕಾರ್ಡನ್ನು ಬೆಳಕಿಗೆ ಹಿಡಿದು, ತಾನು ಕೂರುತ್ತಿದ್ದ ಜಾಗದಲ್ಲಿ ಕಲ್ಲು ಹೊಳೆಯುವುದನ್ನು ನೋಡಿ, “ಇಷ್ಟು ನೀಟಾಗಿ ಕೆಲಸ ಮಾಡೋನು ಹುಡುಗೀನ ಕೈಬಿಡಲ್ಲ” ಎಂದು ಒಪ್ಪಿಗೆ ಕೊಟ್ಟಿದ್ದಳು. ಅವಳು ತೀರಿಹೋದ ಮೇಲೆ ಗುಂಡಿಯ ಪೆಟ್ಟಿಗೆ ಮಗಳಿಗೆ ಬಂತು, ಜಾಗವೂ ಬಂತು. ಮೆಟ್ಟಿಲಿನ ಮೇಲೆ ಎಲ್ಲರೂ ಅವಳನ್ನು ಗುಂಡಿಯಕ್ಕ ಎನ್ನುತ್ತಿದ್ದರು. ಪ್ರೆಸ್ಸು ಮುಚ್ಚಿ ಒರಸಪ್ಪ ಮನೆಯಲ್ಲಿ ಕುಳಿತಂದಿನಿಂದ ಒಲೆ ಉರಿಯುತ್ತಿದ್ದುದು ಆ ಪೆಟ್ಟಿಗೆಯಿಂದಲೇ.

ಸಾಹೇಬರು ಬಂದುಹೋದ ವಾರದಲ್ಲೇ ಗುಂಡಿಯಕ್ಕ ಒಂದು ಸಂಜೆ ಮನೆಗೆ ಬಂದು ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು.

“ರೀ, ಸನ್ಮಾನದಲ್ಲಿ ನಿಮಗೆ ಫಲಕ ಕೊಡ್ತಾರಲ್ಲ, ಅದು ಎಷ್ಟು ದೊಡ್ಡದಿರುತ್ತೆ?”

“ಯಾಕೆ?”

“ಬೇಯಿಸ್ಕೊಂಡು ತಿನ್ನೋಣ ಅಂತ. ಇನ್ಮೇಲೆ ಅದೇ ಗತಿ.”

ಕಮಾನಿನ ಕಂಬಕ್ಕೆ ನಗರಸಭೆಯವರು ನೋಟೀಸು ಅಂಟಿಸಿದ್ದರು. ಮೆಟ್ಟಿಲುಗಳನ್ನು ಹಳೆಯ ಕಾಲದಲ್ಲಿ ಇದ್ದಂತೆಯೇ ಮಾಡಲಾಗುವುದು, ಆದಕಾರಣ ಅಲ್ಲಿ ಕುಳಿತು ವ್ಯಾಪಾರ ಮಾಡುವವರು ತೆರವು ಮಾಡಬೇಕು. ಹಳೆಯ ಕಾಲದಲ್ಲಿ ಹೇಗಿತ್ತು ಎಂಬುದಕ್ಕೆ ಆಧಾರ, ಹಳೆಯ ಊರನ್ನು ಉಳಿಸಲೆಂದು ಮಾಡಿದ್ದ ಕಾರ್ಡಿನ ಸಾಹೇಬರ ಸಮಿತಿ ಕೊಟ್ಟ ಕಾರ್ಡು. ಪಕ್ಕದಲ್ಲೇ ಅದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ ಹಲಗೆಗೆ ಹಚ್ಚಿ, ಮೇಲೆ ‘ಹೀಗಿತ್ತು’ ಎಂದೂ ಕೆಳಗೆ ‘ಹೀಗಾಗಲಿದೆ’ ಎಂದೂ ಬರೆಸಿದ್ದರು.

“ನಿಮ್ಮ ಕಾರ್ಡು ನೋಡ್ಕೊಂಡು ನಮ್ಮನ್ನ ಎಬ್ಬಿಸ್ತಾರಂತೆ” ಎಂದಳು ಗುಂಡಿಯಕ್ಕ. “ಅವತ್ತು ಅಮ್ಮನ್ನ ಎಬ್ಬಿಸಿದ್ರಿ, ಅದು ಕಾಗದದ ಮೇಲೆ, ಹೋಗ್ಲಿ. ಇವತ್ತು ನನ್ನ ಸರದಿ.”

“ನಾನು ಸಾಹೇಬರಿಗೆ ಹೇಳ್ತೀನಿ. ಅವರಿಗೆ ಗೊತ್ತಿಲ್ಲ ಅಷ್ಟೆ.”

ಮಾರನೆಯ ಬೆಳಿಗ್ಗೆಯೇ ಹೋದ. ಸಾಹೇಬರ ಕೋಣೆಯಲ್ಲಿ ನಾಲ್ಕು ಗೋಡೆಗೂ ಆಲ್ಬಮ್ಮುಗಳೇ. ಅವರು ಮೃದುವಾದ ಬ್ರಷ್ಷಿನಿಂದ ಕಾರ್ಡೊಂದರ ಧೂಳು ತೆಗೆಯುತ್ತಿದ್ದರು, ಮಲಗಿದ ಮಗುವಿನ ಕೆನ್ನೆ ಸವರುವ ಹಾಗೆ.

“ಆ ಮೆಟ್ಟಿಲ ಮೇಲೆ ಜನ ಇದ್ರು ಸಾರ್. ನಾನೇ ಒರೆಸಿದ್ದು.”

“ತಂತಿ ಗಿಂತಿ ತೆಗೆದಿದೀರಿ, ಗೊತ್ತು.”

“ತಂತಿ ಅಲ್ಲ ಸಾರ್, ಜನ. ಆರು ಜನ. ನಮ್ಮತ್ತೇನೂ ಸೇರಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ನಿಜವಾಗಿ ಸಂಕಟವಾಗಿತ್ತು. “ನೋಡಿ, ನಿಮ್ಮ ಮಾತು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಸಮಿತಿ ಮುಂದೆ ಬಾಯಿಮಾತು ನಡೆಯಲ್ಲ. ನಾಳೆ ಇನ್ನೊಬ್ಬ ಬಂದು ನಮ್ಮಜ್ಜ ಅಲ್ಲಿ ಆನೆ ಕಟ್ತಿದ್ದ ಅಂತಾನೆ. ಫೋಟೋದ ಮೂಲ ಪ್ರತಿ ಏನಾದ್ರೂ ಇದೆಯಾ?”

ಪ್ರೆಸ್ಸು ಮುಚ್ಚಿದಾಗ ಅವೆಲ್ಲ ರದ್ದಿಗೆ ಹೋಗಿದ್ದವು.

“ಹಾಗಿದ್ರೆ ಕಾರ್ಡಲ್ಲಿ ಕಾಣಬೇಕು. ಕಂಡಿದ್ದನ್ನ ನಾವು ಇಲ್ಲ ಅನ್ನಲ್ಲ.”

“ಕಾಣದ ಹಾಗೆ ಮಾಡೋದೇ ನನ್ನ ಕೆಲಸ ಆಗಿತ್ತಲ್ಲ ಸಾರ್.”

“ಅದಕ್ಕೇ ತಾನೇ ನಿಮಗೆ ಸನ್ಮಾನ!” ಎಂದರು ಸಾಹೇಬರು, ಪ್ರೀತಿಯಿಂದಲೇ.

ಒರಸಪ್ಪ ನೇರವಾಗಿ ಮೆಟ್ಟಿಲಿಗೆ ಬಂದ. ಅಲ್ಲಿ ವ್ಯಾಪಾರ ನಿಂತಿತ್ತು. ಆರು ಜನವೂ ಹಲಗೆಯ ಮುಂದೆ ಗುಂಪಾಗಿದ್ದರು. ಎಡತುದಿಯ ಗುಂಡಿಯಕ್ಕ, ಅವಳ ಪಕ್ಕದ ಬಾಚಣಿಗೆ ಮಾರುವ ಹುಡುಗಿ, ಆಮೇಲೆ ಕೀಲಿ ಮಾಡುವವನು, ಕೊಡೆ ರಿಪೇರಿಯ ತಾತ, ಚಾಕು ಕತ್ತರಿಗೆ ಸಾಣೆ ಹಿಡಿಯುವ ಅಕ್ಕ, ಬಲತುದಿಯ ಗಡಿಯಾರದವನು. ಎಲ್ಲರೂ ಅಪ್ಪನದೋ ಅಮ್ಮನದೋ ಜಾಗದಲ್ಲಿ ಕುಳಿತವರು.

ಕೊಡೆ ತಾತ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ಇದ್ದಕ್ಕಿದ್ದಂತೆ, “ಇದು ನಮ್ಮಪ್ಪನ ಕೊಡೆ” ಎಂದ.

“ಎಲ್ಲಿದೆ ತಾತ ಕೊಡೆ? ನರಪಿಳ್ಳೆಯೂ ಇಲ್ವಲ್ಲ ಅಲ್ಲಿ” ಎಂದ ಕೀಲಿಯವನು.

“ಕೊಡೆ ಇಲ್ಲ, ಕೊಡೆ ನೆರಳಿದೆ. ಇಲ್ನೋಡು, ಒಂದು ಕಡ್ಡಿ ಮುರಿದು ಜೋತುಬಿದ್ದಿದೆ. ಊರವರ ಕೊಡೆಗೆಲ್ಲ ಕಡ್ಡಿ ಹಾಕಿದ ಪುಣ್ಯಾತ್ಮ, ತನ್ನ ಕೊಡೆಗೆ ಸಾಯೋತನಕ ಹಾಕ್ಲಿಲ್ಲ.”

“ದೀಪದ ಬುಡದಲ್ಲೇ ಕತ್ತಲೆ” ಎಂದಳು ಸಾಣೆಯಕ್ಕ. ಅವಳ ನಾಲಿಗೆಗೆ ಸಾಣೆ ಹಿಡಿಯುವ ಅಗತ್ಯ ಯಾರಿಗೂ ಎಂದೂ ಕಂಡಿರಲಿಲ್ಲ. “ಅಯ್ಯೋ, ಇದ್ಯಾವುದು ಗುಂಡಗೆ? ನಮ್ಮ ಸಾಣೆ ಚಕ್ರ! ಇಗೋ, ಚಕ್ರ ಸುತ್ತೋ ಕೈ!”

ಎಲ್ಲರೂ ಒಮ್ಮೆಲೇ ನುಗ್ಗಿದರು. ಮೆಟ್ಟಿಲಿನ ಬಲಭಾಗದಲ್ಲಿ, ಯಾರೂ ಇಲ್ಲದ ಕಲ್ಲಿನ ಮೇಲೆ, ಬಿಸಿಲಿಗೆ ಅಡ್ಡಲಾಗಿ ನಾಲ್ಕು ನೆರಳು ಬಿದ್ದಿದ್ದವು. ಕಾರ್ಡಿನಲ್ಲಿ ಉಗುರಿನಷ್ಟಿದ್ದದ್ದು ಹಲಗೆಯ ಮೇಲೆ ಮೊರದಷ್ಟಾಗಿತ್ತು.

“ಅಣ್ಣಾ, ನೀನೇ ಹೇಳು. ಇದು ನೆರಳು ತಾನೇ?” ಕೀಲಿಯವನು ಒರಸಪ್ಪನ ತೋಳು ಹಿಡಿದ.

ಒರಸಪ್ಪನಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಆರು ಜನರನ್ನು ಕಾರ್ಡಿನಿಂದ ಎತ್ತಿಹಾಕಿದ್ದನ್ನು ಹೇಳಲು ಅವನಿಗೆ ಯಾವತ್ತೂ ಅಳುಕಿರಲಿಲ್ಲ. ಅದು ಕೆಲಸ, ಚೆನ್ನಾಗಿ ಮಾಡಿದ ಕೆಲಸ. ಆದರೆ ನೆರಳು ಬಿಟ್ಟದ್ದು? ಅದನ್ನು ಹೊಸದಾಗಿ ಸೇರಿದವನೂ ಮಾಡಬಾರದು.

“ಅದು ಕಲೆ” ಎಂದ. “ಅಚ್ಚು ಹಾಕುವಾಗ ಮಸಿ ಹೆಚ್ಚಾಗಿದೆ.”

“ಕಲೆಗೆ ಕೊಡೆ ಕಡ್ಡಿ ಇರುತ್ತೇನೋ?” ಎಂದ ತಾತ.

“ಇರುತ್ತೆ ಕೆಲವು ಸಲ.”

ಗುಂಡಿಯಕ್ಕ ಪೆಟ್ಟಿಗೆ ಎತ್ತಿಕೊಂಡಳು. ಮನೆಗೆ ಹೋದ ಮೇಲೆ, ಗುಂಡಿಗಳ ಡಬ್ಬಿ ಮುಚ್ಚುತ್ತ ಹೇಳಿದಳು: “ನಾಡಿದ್ದು ಎಲ್ಲರ ಮುಂದೆ ನಿಮಗೆ ಮರ್ಯಾದೆ ಮಾಡ್ತಾರೆ. ಮಾಡಿಸ್ಕೊಳ್ಳಿ, ಬೇಡ ಅನ್ನಲ್ಲ. ನಿಮ್ಮ ಕೈಯ ಹೆಸರು ದೊಡ್ಡದೋ, ಅಷ್ಟು ಜನರ ಹೊಟ್ಟೆ ದೊಡ್ಡದೋ, ನೀವೇ ತೂಗಿ ನೋಡ್ಕೊಳ್ಳಿ. ನನ್ನ ಹತ್ರ ತಕ್ಕಡಿ ಇಲ್ಲ.”

ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಜಗಳವಾಡಲಿಲ್ಲ.

ಸನ್ಮಾನ ಗ್ರಂಥಾಲಯದ ಸಭಾಂಗಣದಲ್ಲಿ. ಗೋಡೆಯ ತುಂಬ ಕಾರ್ಡುಗಳು, ಕುರ್ಚಿಗಳ ತುಂಬ ‘ಆ ಕಾಲ’ವನ್ನು ಕಂಡವರು, ಕಾಣದವರು. ಇಡೀ ಊರನ್ನು ಗಾಜಿನ ಚೌಕಟ್ಟಿನೊಳಗೆ ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುವ ಈ ಜನಕ್ಕೆ ಹೊರಗಿನ ಮೆಟ್ಟಿಲಿನ ಮೇಲೆ ಕುಳಿತವರು ಊರಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಗುಂಡಿಯಕ್ಕ ಮತ್ತು ಅವಳ ಜೊತೆಯವರು ನಿಂತಿದ್ದರು. ಕುರ್ಚಿ ಇತ್ತು, ಕೂರಿ ಎಂದು ಯಾರೂ ಅಂದಿರಲಿಲ್ಲ.

ಸಾಹೇಬರು ಮನಸ್ಸು ಬಿಚ್ಚಿ ಹೊಗಳಿದರು. “ಎಷ್ಟು ಹುಡುಕಿದರೂ ಕುಂಚದ ಒಂದು ಗುರುತೂ ಸಿಗದ ಕೈ ಇದು!” ಚಪ್ಪಾಳೆ ಬಿತ್ತು. ಫಲಕ ಕೈಗೆ ಬಂತು. ಎರಡು ಮಾತಾಡಿ ಎಂದು ಮೈಕಿನ ಮುಂದೆ ನಿಲ್ಲಿಸಿದರು.

ಒರಸಪ್ಪ ಗಂಟಲು ಸರಿಮಾಡಿಕೊಂಡ. ಅಂಥ ಚಪ್ಪಾಳೆ ಅವನ ಬದುಕಿನಲ್ಲಿ ಅದೇ ಮೊದಲು. ಇನ್ನೊಂದು ಸಲ ಬರುವಂಥದ್ದಲ್ಲ ಎಂಬುದೂ ಗೊತ್ತಿತ್ತು. ಸುಮ್ಮನೆ ಕೈ ಮುಗಿದು ಇಳಿದರೆ ಯಾರು ಕೇಳುತ್ತಾರೆ? ಹಿಂದಿನ ಸಾಲಿನ ಕಡೆ ನೋಡಬಾರದೆಂದುಕೊಂಡ, ನೋಡಿದ.

“ಸಾರ್, ನಿಮ್ಮ ಭೂತಗನ್ನಡಿ ಇದೆಯಾ?”

ಸಾಹೇಬರ ಜೇಬಿನಲ್ಲಿ ಅದು ಯಾವಾಗಲೂ ಇರುತ್ತಿತ್ತು.

“ಕಮಾನಿನ ಕಾರ್ಡು ನೋಡಿ. ಮೆಟ್ಟಿಲಿನ ಬಲಗಡೆ. ಅಲ್ಲಿ ಏನಿದೆ?”

“ಮರದ ನೆರಳು” ಸಾಹೇಬರ ಮುಖ ಅರಳಿತು. “ಇಡೀ ಕಾರ್ಡಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದು.”

“ಮರ ಎಲ್ಲಿದೆ ಸಾರ್?”

ಸಾಹೇಬರು ಕಾರ್ಡನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟು ಬಾಗಿದರು.

“ಅದು ಹಾಳು ಕೆಲಸ” ಎಂದ ಒರಸಪ್ಪ. ಧ್ವನಿ ಮೈಕಿನಲ್ಲಿ ತನ್ನದಲ್ಲವೆಂಬಂತೆ ದೊಡ್ಡದಾಗಿ ಬಂತು. “ನಂದೇ. ಮೈ ಒರೆಸಿದೆ, ನೆರಳು ಒರೆಸದೆ ಎದ್ದು ಹೋದೆ. ಮೊದಲನೇದು ಕೀಲಿ ಮಾಡೋನು. ಅದರ ಪಕ್ಕದ್ದು ಕೊಡೆ. ಆಮೇಲೆ ಸಾಣೆ ಚಕ್ರ, ಕೊನೇದು ಗಡಿಯಾರದವನ ಪೆಟ್ಟಿಗೆ. ಕೆಲಸ ಕಲಿಯೋ ಹುಡುಗ ಹೀಗೆ ಮಾಡಿದ್ರೆ ನಾನು ಕಿವಿ ಹಿಂಡ್ತಿದ್ದೆ.”

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಒರಸಪ್ಪನ ಕಿವಿಗಳು ಯಾರೂ ಹಿಂಡದೆಯೇ ಕೆಂಪಾದವು.

ಸಾಹೇಬರು ಬಹಳ ಹೊತ್ತು ಬಾಗಿಯೇ ಇದ್ದರು. ಎದ್ದಾಗ ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೆಲೆಬಾಳುವ ಕಾರ್ಡು ಸಿಕ್ಕಿದವನ ಹೊಳಪಿತ್ತು. “ಇಷ್ಟು ವರ್ಷ ಕೈಯಲ್ಲಿಟ್ಕೊಂಡು ನೋಡಿಲ್ವಲ್ಲ ನಾನು!” ಎಂದರು. “ಇದು ದೊಡ್ಡ ಶೋಧ. ಇದನ್ನ ಸಮಿತಿಗೆ ಹೇಳಲೇಬೇಕು.”

ಹೇಳಿದರು. ಕೊಟ್ಟ ಮಾತಿಗೆ ತಪ್ಪುವ ಜನವಲ್ಲ. ಸಮಿತಿ ಸೇರಿತು, ಕಾರ್ಡನ್ನು ಅಳೆಯಿತು, ನಗರಸಭೆಗೆ ಬರೆಯಿತು. ಹಳೆಯ ಕಾಲದಲ್ಲಿ ಮೆಟ್ಟಿಲಿನ ಬಲಭಾಗದಲ್ಲಿ ಜನ ಕೂರುತ್ತಿದ್ದುದಕ್ಕೆ ನಾಲ್ಕು ನೆರಳುಗಳ ಆಧಾರ ದೊರೆತಿರುವುದರಿಂದ ಅಲ್ಲಿ ನಾಲ್ಕು ಜಾಗಗಳನ್ನು ಹಾಗೆಯೇ ಉಳಿಸತಕ್ಕದ್ದು. ಎಡಭಾಗವನ್ನು ಕಾರ್ಡಿನಲ್ಲಿರುವಂತೆ ಖಾಲಿ ಇಡತಕ್ಕದ್ದು.

“ಆರು ಜನ ಇದ್ರು ಸಾರ್” ಎಂದು ಒರಸಪ್ಪ ಮತ್ತೊಮ್ಮೆ ಹೇಳಿದ.

“ನೆರಳು ನಾಲ್ಕೇ ಇದೆಯಲ್ಲ ಯಜಮಾನ್ರೇ. ಇತಿಹಾಸಕ್ಕೆ ನಾವು ಮೋಸ ಮಾಡಬಾರದು.”

ಕೈ ಕೆಟ್ಟ ಕಡೆ ನಾಲ್ಕು ಮನೆಯ ಒಲೆ ಉಳಿಯಿತು. ಕೈ ಪಳಗಿದ ಕಡೆ ಎರಡು ಮನೆಯದು ಹೋಯಿತು. ಬಡವನ ಬದುಕಿಗೆ ಆಧಾರ ಕೇಳುವ ವ್ಯವಸ್ಥೆಯ ಹಣೆಬರಹವೇ ಇದು: ಅವನನ್ನು ಅರೆಬರೆ ತುಳಿದಿದ್ದರೆ ಗುರುತು ಉಳಿದಿರುತ್ತದೆ, ಪೂರ್ತಿ ತುಳಿದಿದ್ದರೆ ಅವನು ಹುಟ್ಟಿಯೇ ಇರಲಿಲ್ಲ.

ಆರ್ಡರು ಬಂದ ಸಂಜೆ ಗುಂಡಿಯಕ್ಕ ಗಂಡನ ಎದುರಿಗೆ ಕುಳಿತಳು.

“ಒಂದು ಮಾತು ಕೇಳ್ತೀನಿ. ಎಡಗಡೆ ಅಷ್ಟು ಚೆನ್ನಾಗಿ ಒರೆಸಿದೋರು ಬಲಗಡೆ ಯಾಕೆ ಬಿಟ್ರಿ?”

“ಬಲಗೈಯವನು ಎಡದಿಂದಲೇ ಶುರುಮಾಡಬೇಕು. ಇಲ್ಲಾಂದ್ರೆ ಹಸಿ ಬಣ್ಣದ ಮೇಲೆ ಕೈ ಒರಗುತ್ತೆ. ನಿಮ್ಮಮ್ಮ ಎಡತುದಿ. ಅವರದು, ಬಾಚಣಿಗೆಯವಳ ತಾಯಿದು, ನೆರಳು ಸಮೇತ ಮುಗಿಸಿದೆ. ಉಳಿದೋರ ಮೈ ಮುಗೀತು. ನೆರಳಿಗೆ ಕೈ ಹಾಕೋ ಹೊತ್ತಿಗೆ...”

“ಹೊತ್ತಿಗೆ?”

“ಸಂಜೆ ಆಯ್ತು. ಸಂಜೆ ನಿಮ್ಮಮ್ಮ ಮನೆಗೆ ಹೋಗಿ ನೀನು ಪೆಟ್ಟಿಗೆ ಹತ್ರ ಕೂರ್ತಿದ್ದೆ. ಎದ್ದು ಬಂದೆ, ಮಾರನೇ ದಿನ ಎಲ್ಲ ಮುಗಿದಿದೆ ಅಂದ್ಕೊಂಡು ಅಚ್ಚಿಗೆ ಕಳಿಸ್ದೆ.”

ಗುಂಡಿಯಕ್ಕ ಅವನನ್ನೇ ನೋಡಿದಳು. “ಅವತ್ತೇನಾ ಒಂದು ಡಜನ್ ರವಿಕೆ ಕೊಕ್ಕೆ ಕೊಂಡ್ಕೊಂಡು ಹೋದದ್ದು? ಮುಖ ನೋಡಿದ್ರೆ ಬೆವರು. ನಾನು ಮನೇಲಿ ಅಕ್ಕತಂಗೀರು ಇರಬೇಕು ಅಂದ್ಕೊಂಡೆ.”

“ಬಾಯಿಗೆ ಬಂದದ್ದು ಕೇಳಿದೆ. ಗುಂಡಿ ಅನ್ನೋಕೆ ಹೋಗಿ ಕೊಕ್ಕೆ ಅಂದೆ.”

ಅವಳು ನಗಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ನಗು ತಾನಾಗಿಯೇ ಇಳಿಯಿತು.

“ಅಂದ್ರೆ ಆ ನಾಲ್ಕು ಜನರ ಜಾಗ ಉಳಿಸಿದ್ದು ನಾನು.”

“ಹೂಂ.”

“ನನ್ನ ಜಾಗ?”

ಒರಸಪ್ಪ ಗುಂಡಿಗಳ ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಅವಳು ಎದ್ದು ಪೆಟ್ಟಿಗೆಯ ಬೆಲ್ಟು ಬಿಗಿದು ನೋಡಿದಳು, ದಿನಾ ನೋಡುವ ಹಾಗೆ. “ಬೆಳಿಗ್ಗೆ ಬೇಗ ಏಳಿ” ಎಂದಳು. “ಪೆಟ್ಟಿಗೆ ಹೊರಬೇಕು.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಮೆಟ್ಟಿಲಿಗೆ.”

ಬೆಳಿಗ್ಗೆ ಅಲ್ಲಿ ಸಾಣೆಯಕ್ಕ ಆಗಲೇ ಆಡಳಿತ ವಹಿಸಿಕೊಂಡಿದ್ದಳು. ಬಲಭಾಗದಲ್ಲಿ ನಗರಸಭೆಯವರು ಬಿಳಿ ಬಣ್ಣದಲ್ಲಿ ನಾಲ್ಕು ಚೌಕ ಎಳೆದುಹೋಗಿದ್ದರು. ಕೊಡೆ ತಾತ ತನ್ನ ಹತ್ತಿರವಿದ್ದ ಕೊಡೆಗಳಲ್ಲಿ ಅತಿ ದೊಡ್ಡ ನಾಲ್ಕನ್ನು ಆರಿಸಿ ಚೌಕಕ್ಕೊಂದರಂತೆ ನೆಟ್ಟಿದ್ದ. ಅವನ ಕೊಡೆಯ ಅಡಿಯಲ್ಲಿ ಬಾಚಣಿಗೆಯ ಹುಡುಗಿ ಮೊಣಕಾಲು ಮಡಚಿ ಕುಳಿತಿದ್ದಳು. ಕೀಲಿಯವನು ತನ್ನ ಮರದ ಹಲಗೆಯನ್ನು ಅಡ್ಡಕ್ಕಿದ್ದದ್ದು ಉದ್ದಕ್ಕೆ ತಿರುಗಿಸಿ, “ಬಾ ಅಕ್ಕ, ಇಲ್ಲಿ. ಗುಂಡಿಗೆ ಎಷ್ಟು ಜಾಗ ಬೇಕು ಮಹಾ” ಎಂದ.

“ಉಳಿ ಸುತ್ತಿಗೆ ನನ್ನ ರಿಬ್ಬನ್ನಿಗೆ ತಾಗಿಸಿದ್ರೆ ನೋಡು ಮತ್ತೆ” ಎಂದು ಗುಂಡಿಯಕ್ಕ ಕುಳಿತಳು.

ನಗರಸಭೆಯ ಮೇಸ್ತ್ರಿ ಹತ್ತು ಗಂಟೆಯ ಸುಮಾರಿಗೆ ಬಂದ. ಖಾಲಿ ಎಡಭಾಗ ನೋಡಿ ತೃಪ್ತಿಪಟ್ಟ. ಬಲಭಾಗ ನೋಡಿ ಹುಬ್ಬು ಗಂಟಿಕ್ಕಿದ.

“ಏನಿದು? ನಾಲ್ಕೇ ಅಂತ ಆರ್ಡರು.”

“ನಾಲ್ಕು ನೆರಳು ಅಂತ ತಾನೇ ಆರ್ಡರು?” ಎಂದಳು ಸಾಣೆಯಕ್ಕ. “ಎಣಿಸ್ಕೊಳ್ಳಿ ಸ್ವಾಮಿ. ಒಂದು ಹೆಚ್ಚಿದ್ರೆ ಹೇಳಿ, ನಾನೇ ಕತ್ತರಿಸಿ ಕೊಡ್ತೀನಿ.”

ಮೇಸ್ತ್ರಿ ಮೆಟ್ಟಿಲಿನ ಮೇಲೆ ಬಿದ್ದ ನೆರಳುಗಳನ್ನು ನೋಡಿದ, ಅವುಗಳ ಅಡಿಯಲ್ಲಿ ಮುದುಡಿ ಕುಳಿತ ಆರು ಜನರನ್ನು ನೋಡಿದ. ಅವನೂ ಸಂಬಳಕ್ಕೆ ದುಡಿಯುವವನೇ. ಆರ್ಡರಿನಲ್ಲಿ ತಲೆ ಎಣಿಸು ಎಂದು ಎಲ್ಲೂ ಬರೆದಿರಲಿಲ್ಲ. “ನಾಳೆ ನಗರಸಭೆ ದೊಡ್ಡ ಸಾಹೇಬರು ಬಂದ್ರೆ ನಾನು ನೋಡಿಲ್ಲ” ಎಂದು ಗೊಣಗಿ ಇಳಿದುಹೋದ.

ಒರಸಪ್ಪ ಇದನ್ನೆಲ್ಲ ನೋಡುತ್ತ ಮೆಟ್ಟಿಲಿನ ನಡುವೆ ನಿಂತುಬಿಟ್ಟಿದ್ದ. ಅಂಗಿಯೊಂದನ್ನು ಕೈಯಲ್ಲಿ ಹಿಡಿದ ಹೆಂಗಸೊಬ್ಬಳು ಅವನ ಹಿಂದೆ ಬಂದು ಅತ್ತಿತ್ತ ಇಣುಕುತ್ತಿದ್ದಳು.

“ರೀ, ಕಂಬದ ಹಾಗೆ ನಿಲ್ಬೇಡಿ” ಎಂದಳು ಗುಂಡಿಯಕ್ಕ. “ಸ್ವಲ್ಪ ಆ ಕಡೆ ಸರೀರಿ. ಅವರಿಗೆ ನಾನು ಕಾಣ್ತಿಲ್ಲ.”

ಒರಸಪ್ಪ ಸರಿದ.